ಬದಲಿಗೆ ನಿಂತ ಮಾಸ್ತರ

ಯಲಬುರ್ಗಾ ಬಸ್ ನಿಲ್ದಾಣದ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಹೆಸರಿಗೆ ಝೆರಾಕ್ಸ್. ಆನ್‌ಲೈನ್ ಅರ್ಜಿ, ಫೋಟೊ, ಹಾಲ್ ಟಿಕೆಟ್, ಫಲಿತಾಂಶ, ಎಲ್ಲವೂ ಅಲ್ಲಿಯೇ. ಸರಕಾರ ನೇಮಕಾತಿ ಕರೆಯಿತೆಂದರೆ ಡಿಗ್ರಿ ಮುಗಿಸಿದ ಹುಡುಗರಿಗೆ ಜ್ವರ ಬರುತ್ತದೆ, ನನಗೆ ಹಬ್ಬ ಬರುತ್ತದೆ. ನಾನೂ ಬಿ.ಎ. ಮಾಡಿದವನೇ. ಒಂದಷ್ಟು ಸಲ ಅರ್ಜಿ ಹಾಕಿ ಸೋತು, ಹಾಕುವುದಕ್ಕಿಂತ ಹಾಕಿಸುವುದೇ ಲೇಸು ಎಂದು ಈ ಮಶೀನು ತಂದಿಟ್ಟೆ. ನನ್ನ ಹೆಸರು ಅಫ್ರೋಜ. ನನ್ನ ಬಗ್ಗೆ ಇಷ್ಟು ಸಾಕು. ಹೇಳಬೇಕಾಗಿರುವುದು ಯಂಕೇಶನ ಕತೆ. ಅವನ ಮೇಲೆ ನನಗೆ ಸಿಟ್ಟಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಯಂಕೇಶ ಸಿದ್ದಾಪುರದವನು. ಕಾಲುವೆ ನೀರಿನ ಸೀಮೆ, ಭತ್ತದ ಊರು. ಆದರೆ ಅವರ ಮನೆಯಲ್ಲಿ ಗದ್ದೆ ಇರಲಿಲ್ಲ. ಅಪ್ಪ ವೆಂಕೋಬ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಹಮಾಲಿ. ಕೊಪ್ಪಳದಲ್ಲಿ ನಾವಿಬ್ಬರೂ ಒಂದೇ ಕಾಲೇಜು, ಒಂದೇ ಹಾಸ್ಟೆಲ್. ನಾವು ರೊಟ್ಟಿ ಮುರಿಯುತ್ತಿದ್ದರೆ ಅವನು ಅನ್ನದ ಪಾತ್ರೆಯ ಕಡೆ ಕಣ್ಣು ಹಾಯಿಸುತ್ತಿದ್ದ, ನಾವೆಲ್ಲ ಅವನನ್ನು ನೀರಾವರಿ ಸಾಹುಕಾರ ಎಂದು ಕಾಡುತ್ತಿದ್ದೆವು. ಇತಿಹಾಸ ಎಂದರೆ ಅವನಿಗೆ ಹುಚ್ಚು. ಗುಡ್ಡ ಹತ್ತಿ ಅಶೋಕನ ಶಾಸನದ ಮುಂದೆ ಕುಳಿತನೆಂದರೆ ಊಟದ ನೆನಪೂ ಇರುತ್ತಿರಲಿಲ್ಲ. ಅದೇ ಹುಚ್ಚಿನಲ್ಲಿ ಇತಿಹಾಸದಲ್ಲೇ ಎಂ.ಎ. ಮಾಡಿದ, ಮೇಲೆ ಬಿ.ಇಡಿ. ಮಾಡಿದ. ಇತಿಹಾಸದ ಹುದ್ದೆಗಳು ಎಷ್ಟಿವೆ, ಗಣಿತ ವಿಜ್ಞಾನದವು ಎಷ್ಟಿವೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ಹೇಳುವವರು ಯಾರಿದ್ದರು? ಅವರ ಮನೆತನದಲ್ಲಿ ಹತ್ತನೆಯ ತರಗತಿ ದಾಟಿದವನು ಅವನೊಬ್ಬನೇ.

ಬಿ.ಇಡಿ. ಮುಗಿದ ಮೇಲೆ ಎಲ್ಲರ ಹಣೆಬರಹವೇ ಅವನದೂ ಆಯಿತು. ಗಂಗಾವತಿಯ ಖಾಸಗಿ ಶಾಲೆಯೊಂದರಲ್ಲಿ ಕೆಲವು ಕಾಲ ಕಲಿಸಿದ. ಅಲ್ಲಿ ಸಂಬಳ ಕೊಡುವ ತಿಂಗಳಿಗಿಂತ ಕೊಡದ ತಿಂಗಳುಗಳೇ ಹೆಚ್ಚು. ಧಾರವಾಡಕ್ಕೆ ಹೋಗಿ ಕೋಚಿಂಗ್ ಸೇರುವ ಶಕ್ತಿ ಇರಲಿಲ್ಲ. ಮಿಲ್ಲಿನಲ್ಲಿ ಗುಮಾಸ್ತನಾಗಿ ಸೇರಿಕೋ, ಸಾಹುಕಾರರಿಗೆ ಹೇಳುತ್ತೇನೆ ಎಂದು ಅಪ್ಪ ಕರೆದ. ಅಪ್ಪ ಮೂಟೆ ಹೊರುವ ಕಡೆ ಮಗ ಕುರ್ಚಿ ಮೇಲೆ ಕುಳಿತು ಮೂಟೆ ಎಣಿಸುವುದು ಯಂಕೇಶನಿಗೆ ಆಗಲಿಲ್ಲ. ಯಲಬುರ್ಗಾಕ್ಕೆ ಬಂದು ಒಂದು ಖೋಲಿ ಹಿಡಿದು, ಪರೀಕ್ಷೆಗೆ ಓದುತ್ತೇನೆಂದು ಕುಳಿತ. ಹಗಲೆಲ್ಲ ನನ್ನ ಅಂಗಡಿಯಲ್ಲೇ ಇರುತ್ತಿದ್ದ.

ಅಲ್ಲಿಯೇ ಅವನು ವಿರೂಪಾಕ್ಷಪ್ಪನವರ ಕಣ್ಣಿಗೆ ಬಿದ್ದ. ವಿರೂಪಾಕ್ಷಪ್ಪನವರು ನಮ್ಮ ತಾಲೂಕಿನ ಒಂದು ಹಳ್ಳಿಯ ಸರಕಾರಿ ಶಾಲೆಗೆ ಗಣಿತ ವಿಜ್ಞಾನದ ಮಾಸ್ತರರು. ಹಳ್ಳಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಆ ಊರಿನವರೆಲ್ಲ ಬಂದು ನನ್ನ ಅಂಗಡಿ ಮುಂದೆ ನಿಲ್ಲುತ್ತಾರೆ. ವಿರೂಪಾಕ್ಷಪ್ಪನವರ ಮನೆ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ, ಜೀವ ಸೈಟಿನ ವ್ಯವಹಾರದಲ್ಲಿ. ಮಾತು ಬೆಣ್ಣೆ. ಯಾರಿಗೂ ಏರು ದನಿಯಲ್ಲಿ ಮಾತಾಡಿದವರಲ್ಲ. ಒಂದು ದಿನ ಯಾವುದೋ ಸೈಟಿನ ಕಾಗದ ಝೆರಾಕ್ಸ್ ಮಾಡಿಸಲು ಬಂದವರು ಯಂಕೇಶನನ್ನು ಮಾತಿಗೆಳೆದರು.

“ಮಾಸ್ತರಿಕಿಗೆ ಅನುಭವ ಬೇಕಪ್ಪ ತಮ್ಮಾ. ಬರೇ ಪುಸ್ತಕ ಓದಿದ್ರ ಏನೂ ಆಗಂಗಿಲ್ಲ. ನಮ್ಮ ಸಾಲಿಗೆ ಬಂದು ನನ್ನ ಕ್ಲಾಸ್ ನೋಡ್ಕೋ. ಪಗಾರದಾಗ ನಿನಗೂ ಒಂದಿಷ್ಟು ಕೊಡ್ತೀನಿ. ನಿನಗ ಅನುಭವ, ನನಗ ಅನುಕೂಲ.”

“ಸರ್, ನಂದು ಇತಿಹಾಸರಿ.”

“ಏಳನೇ ಕ್ಲಾಸಿನ ಗಣಿತಕ್ಕ ಏನಪಾ! ಇವತ್ತು ಓದು, ನಾಳೆ ಕಲಸು.”

ಒಂದು ವರ್ಷ ಮಾಡಿದರಾಯಿತು ಎಂದ ಯಂಕೇಶ. ಆ ಒಂದು ವರ್ಷ ಹತ್ತು ವರ್ಷವಾಯಿತು.

ನಮ್ಮ ಕಡೆ ಇದೇನು ಹೊಸದಲ್ಲ. ಪಗಾರ ಒಬ್ಬರದು, ಪಾಠ ಇನ್ನೊಬ್ಬರದು. ವಿರೂಪಾಕ್ಷಪ್ಪನವರು ವಾರಕ್ಕೊಮ್ಮೆ ಬೈಕಿನ ಮೇಲೆ ಬಂದು ಅಷ್ಟೂ ದಿನದ ಸಹಿ ಮಾಡಿ, ಮಕ್ಕಳ ತಲೆ ಸವರಿ ಹೋಗುತ್ತಿದ್ದರು. ಮಕ್ಕಳ ಬಾಯಲ್ಲಿ ಅವರು ದೊಡ್ಡ ಸರ್, ಯಂಕೇಶ ಸಣ್ಣ ಸರ್. ದಿನಾ ಯಲಬುರ್ಗಾದಿಂದ ಬಸ್ಸಿನಲ್ಲಿ ಹೋಗಿ, ಕ್ರಾಸಿನಲ್ಲಿಳಿದು ಊರೊಳಗೆ ನಡೆಯಬೇಕು. ಮಳೆಯಾದರೆ ಎರೆ ಮಣ್ಣು ಚಪ್ಪಲಿ ಬಿಡುವುದಿಲ್ಲ, ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು. ಊರಿನವರಿಗೆ ಎಲ್ಲ ಗೊತ್ತಿತ್ತು. ಯಾಕೆ ಯಾರೂ ಅರ್ಜಿ ಕೊಡುವುದಿಲ್ಲ ಎಂದು ನಾನೊಮ್ಮೆ ಆ ಶಾಲೆಯ ಹೆಡ್ ಮಾಸ್ತರ ಪ್ರಭುರಾಜರನ್ನು ಕೇಳಿದೆ.

“ಅರ್ಜಿ ಕೊಟ್ರ ಏನಕ್ಕೈತಿ ಅಫ್ರೋಜ? ವಿರೂಪಾಕ್ಷಪ್ಪ ಬ್ಯಾರೆ ಕಡೆ ವರ್ಗ ಆಗ್ತಾನ. ಇಲ್ಲಿ ಖುರ್ಚಿ ಖಾಲಿ ಬೀಳತೈತಿ. ಆಂವ ಹೋದ ಮ್ಯಾಲೆ ಈ ಹುಡುಗ್ಗ ರೊಕ್ಕ ಯಾರು ಕೊಡ್ತಾರ? ಇಂವನೂ ಹೋಗ್ತಾನ. ಈಗ ಪಾಠ ಆದರ ಆಗಾಕತ್ತಾವು” ಎಂದರು.

ಅದು ಸುಳ್ಳಾಗಿರಲಿಲ್ಲ, ಅದೇ ನನ್ನ ಹೊಟ್ಟೆ ಉರಿಸುವುದು. ಯಂಕೇಶ ನಿಜಕ್ಕೂ ಚೆನ್ನಾಗಿ ಕಲಿಸುತ್ತಿದ್ದ. ಸಂಜೆ ನನ್ನ ಅಂಗಡಿಗೆ ಬಂದು, ಅರ್ಜಿ ಹಾಕಲು ಬರುವ ಬಿ.ಎಸ್ಸಿ. ಹುಡುಗರನ್ನು ಹಿಡಿದು ಕೂರಿಸಿ, ಬೀಜಗಣಿತ ಹೇಳಿಸಿಕೊಳ್ಳುತ್ತಿದ್ದ. ಮರುದಿನ ಅದನ್ನೇ ಮಕ್ಕಳಿಗೆ ಹೇಳುತ್ತಿದ್ದ. ಹಗ್ಗ ಹಿಡಿಸಿ ಶಾಲೆಯ ಅಂಗಳ ಅಳೆಸಿ ಕ್ಷೇತ್ರಫಲ ಕಲಿಸುತ್ತಿದ್ದ. ಇತಿಹಾಸದ ಎಂ.ಎ. ಮಾಡಿದವನು ಗಣಿತದ ಮಾಸ್ತರನಾಗಿ ಹೋದ, ಅದೂ ಇನ್ನೊಬ್ಬರ ಹೆಸರಿನಲ್ಲಿ.

ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂದ ದಿನ ವಿರೂಪಾಕ್ಷಪ್ಪನವರ ಬೈಕು ಧೂಳೆಬ್ಬಿಸಿಕೊಂಡು ಬರುತ್ತಿತ್ತು. ಯಂಕೇಶ ಬಿಸಿಯೂಟದ ಅಡುಗೆ ಕೋಣೆಗೆ ಹೋಗಿ ಕೂರುತ್ತಿದ್ದ. ಅಡುಗೆಯ ಮುದಕಮ್ಮ ಒಂದು ಗೋಣಿ ಹಾಸಿಕೊಡುತ್ತಿದ್ದಳು. ಒಂದು ಸಲ ಸಾಹೇಬರು ಏಳನೆಯ ತರಗತಿಗೆ ಹೋಗಿ ಲೆಕ್ಕ ಕೇಳಿದರೆ ಮಕ್ಕಳು ನಾ ಮುಂದು ತಾ ಮುಂದು ಎಂದು ಹೇಳಿದ್ದಾರೆ. ಸಾಹೇಬರಿಗೆ ಖುಷಿಯೋ ಖುಷಿ. ಆ ವರ್ಷದ ಶಿಕ್ಷಕರ ದಿನಾಚರಣೆಯಲ್ಲಿ ವಿರೂಪಾಕ್ಷಪ್ಪನವರಿಗೆ ಉತ್ತಮ ಶಿಕ್ಷಕ ಎಂದು ಶಾಲು, ಹಾರ, ಹಣ್ಣಿನ ಬುಟ್ಟಿ. ವೇದಿಕೆಯ ಮೇಲೆ ಅವರು ಮಾಡಿದ ಭಾಷಣವನ್ನು ಬರೆದುಕೊಟ್ಟವನೂ ಯಂಕೇಶನೇ, ನನ್ನ ಅಂಗಡಿಯಲ್ಲೇ ಕುಳಿತು. ಮರುದಿನ ಅವರು ಆ ಬುಟ್ಟಿಯಲ್ಲಿನ ಹಣ್ಣು ತಂದು ಇವನಿಗೆ ಕೊಟ್ಟರು. ಈ ಪುಣ್ಯಾತ್ಮ ಅದನ್ನು ಹೆಚ್ಚಿ ಮಕ್ಕಳಿಗೆ ಹಂಚಿದ. ನಾನಾಗಿದ್ದರೆ ಬುಟ್ಟಿಯನ್ನೇ ಅವರ ತಲೆ ಮೇಲೆ ಮಗುಚುತ್ತಿದ್ದೆ.

ಅಪ್ಪ ವೆಂಕೋಬ ಸಿದ್ದಾಪುರದಲ್ಲಿ ಮಗ ಸರಕಾರಿ ಸಾಲಿ ಮಾಸ್ತರ ಎಂದು ಹೇಳಿಕೊಂಡು ತಿರುಗುತ್ತಿದ್ದ. ಅದನ್ನು ನಂಬಿ ಕಾರಟಗಿ ಕಡೆಯಿಂದ ಒಂದು ಹೆಣ್ಣಿನ ಮನೆಯವರು ಬಂದರು. ಹೆಣ್ಣಿನ ತಂದೆ ಜಾಣ. ಪಗಾರ ಯಾರ ಹೆಸರಿಗೆ ಬರತೈತಿ ಎಂದು ಒಂದೇ ಮಾತು ಕೇಳಿದ. ಯಂಕೇಶನಿಗೆ ಸುಳ್ಳು ಹೇಳಲು ಬರುವುದಿಲ್ಲ. ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು ಹೋದರು. ಆಮೇಲೆ ಬೇರೆ ಯಾರೂ ಬರಲಿಲ್ಲ.

ಇಷ್ಟೆಲ್ಲದರ ನಡುವೆ ಅವನಿಗೆ ಒಂದೇ ಆಸೆ: ಯಾವ ಶಾಲೆಯಾದರೂ ಸರಿ, ತನ್ನ ಹೆಸರಿನಲ್ಲಿ ಒಂದು ತರಗತಿಯ ಮುಂದೆ ನಿಲ್ಲಬೇಕು. ಸಾಹೇಬರು ಬಂದಾಗ ಎದ್ದು ಹೋಗದೆ ನಿಲ್ಲಬೇಕು. ಪ್ರತಿ ನೇಮಕಾತಿಗೂ ಬರೆದ. ಅವನ ವಿಷಯಕ್ಕೆ ನಮ್ಮ ಜಿಲ್ಲೆಯಲ್ಲಿ ಬೆರಳಲ್ಲಿ ಎಣಿಸುವಷ್ಟು ಹುದ್ದೆ, ಕಾದು ಕುಳಿತವರು ಒಂದು ಜಾತ್ರೆಯಷ್ಟು. ಗಣಿತ ವಿಜ್ಞಾನಕ್ಕಾದರೆ ಎಷ್ಟೋ ಹುದ್ದೆ ತುಂಬದೆ ಉಳಿಯುತ್ತಿದ್ದವು. ಅದಕ್ಕೆ ಅರ್ಜಿ ಹಾಕಲು ಅವನಿಗೆ ಅರ್ಹತೆ ಇಲ್ಲ. ಹತ್ತು ವರ್ಷ ಕಲಿಸಿದ್ದನ್ನು ಕಲಿಸಲು ಅರ್ಹತೆ ಇಲ್ಲ! ಅವನ ಅರ್ಜಿ ತುಂಬುವಾಗ ವಿಷಯದ ಜಾಗದಲ್ಲಿ ಸಮಾಜ ವಿಜ್ಞಾನ ಎಂದು ಒತ್ತುತ್ತಿದ್ದವನು ನಾನೇ. ಪ್ರತಿ ಸಲವೂ ಕಂಪ್ಯೂಟರನ್ನು ಎತ್ತಿ ರಸ್ತೆಗೆ ಒಗೆಯಬೇಕೆನಿಸುತ್ತಿತ್ತು.

ರಂಜಿತಾ ಅಡುಗೆಯ ಮುದಕಮ್ಮನ ಮಗಳು. ಯಂಕೇಶ ಆ ಶಾಲೆಗೆ ಹೋದ ವರ್ಷ ಏಳನೆಯ ತರಗತಿಯಲ್ಲಿದ್ದಳು. ಚುರುಕು ಹುಡುಗಿ, ಕಷ್ಟದ ಲೆಕ್ಕವನ್ನೂ ಬಾಯಲ್ಲೇ ಮಾಡುವವಳು. ಅವಳನ್ನು ಓದು ಬಿಡಿಸಿ ಮದುವೆ ಮಾಡುತ್ತೇವೆಂದಾಗ ಮನೆಗೆ ಹೋಗಿ ಕುಳಿತು ಆ ಮದುವೆ ತಪ್ಪಿಸಿದವನು ಯಂಕೇಶ. ಪಿಯುಸಿಗೆ ಅವಳು ಕಲಾ ವಿಭಾಗ ತೆಗೆದುಕೊಳ್ಳುತ್ತೇನೆ ಎಂದಾಗ ನನ್ನ ಅಂಗಡಿಯಲ್ಲೇ ಅವಳಿಗೆ ಬೈದ.

“ನನ್ನ ನೋಡವ್ವ. ನಂಗ ಇತಿಹಾಸ ಸೇರತೈತಿ ಅಂತ ಅದನ್ನ ತಗೊಂಡೆ. ಈಗ ಎಲ್ಲಿ ಅದೀನಿ? ಸೇರೂದು ಗೀರೂದು ಬಿಡು. ಎಲ್ಲಿ ಹುದ್ದೆ ಅದಾವು ಅದನ್ನ ಓದು.”

ಅವಳು ವಿಜ್ಞಾನ ತೆಗೆದುಕೊಂಡಳು. ಬಿ.ಎಸ್ಸಿ. ಮುಗಿಸಿ ಬಿ.ಇಡಿ. ಮಾಡಿದಳು. ಯಂಕೇಶ ಪ್ರತಿ ಭಾನುವಾರ ಶಾಲೆಯ ಕಟ್ಟೆಯ ಮೇಲೆ ಅವಳನ್ನು ಕೂರಿಸಿಕೊಂಡು ಹಳೆಯ ಪ್ರಶ್ನೆ ಪತ್ರಿಕೆ ಬಿಡಿಸಿದ. ತಾನು ಓದಬೇಕಾದ ಹೊತ್ತನ್ನು ಅವಳಿಗೆ ಕೊಟ್ಟ. ಹೋದ ಸಲ ಶಿಕ್ಷಕರ ನೇಮಕಾತಿ ಆದಾಗ ಇಬ್ಬರೂ ಬರೆದರು. ಫಲಿತಾಂಶ ನೋಡಿದ್ದು ನನ್ನ ಅಂಗಡಿಯಲ್ಲೇ. ಅವಳ ಹೆಸರು ಇತ್ತು, ಅವನದು ಇರಲಿಲ್ಲ. ಅವನು ಎದ್ದು ಹೋಗಿ ಪೇಡೆ ತಂದು ಅಂಗಡಿಯಲ್ಲಿದ್ದ ಎಲ್ಲರಿಗೂ ಕೊಟ್ಟ. ಅವನ ಮುಖದಲ್ಲಿ ಸಂಕಟ ಹುಡುಕಿದೆ, ಸಿಗಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಅದೇ ವರ್ಷ ವಿರೂಪಾಕ್ಷಪ್ಪನವರು ಯಾರನ್ನೋ ಹಿಡಿದು ಭಾಗ್ಯನಗರದ ಹತ್ತಿರಕ್ಕೆ ವರ್ಗ ಮಾಡಿಸಿಕೊಂಡರು. ಹಳ್ಳಿಯ ಶಾಲೆಯಲ್ಲಿ ಹುದ್ದೆ ಖಾಲಿಯಾಯಿತು. ಮೊದಲು ಇರಲಿಲ್ಲ, ಈಗ ಹುದ್ದೆ ಖಾಲಿ ಇದ್ದರೆ ತಾತ್ಕಾಲಿಕವಾಗಿ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಬಹುದು. ಪ್ರಭುರಾಜ ಹೆಡ್ ಮಾಸ್ತರರು, ಗಣಿತದವರು ಯಾರೂ ಬರಲಿಲ್ಲವೆಂದು ಬರೆದು, ಯಂಕೇಶನನ್ನೇ ತೆಗೆದುಕೊಂಡರು. ಗೌರವಧನ ಅಷ್ಟಕ್ಕಷ್ಟೇ, ಅದೂ ಬರುವಾಗ ಬರುತ್ತದೆ. ಆದರೆ ಹೆಸರು ಅವನದು. ಜೂನ್ ತಿಂಗಳ ಮೊದಲ ದಿನ ಸಂಜೆ ಅವನು ಅಂಗಡಿಗೆ ಬಂದಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ.

“ಇವತ್ತು ಹಾಜರಿಗೆ ನಾನ ಸಹಿ ಮಾಡಿದೆ ಅಫ್ರೋಜ. ನನ್ನ ಹೆಸರಿಗೆ ನಾನ” ಎಂದ.

ಆ ತಿಂಗಳಲ್ಲಿ ಸಾಹೇಬರು ಬಂದಾಗ ಅವನು ತರಗತಿಯಲ್ಲೇ ಇದ್ದ. ಹೆಸರೇನು ಎಂದು ಕೇಳಿದರಂತೆ, ಹೇಳಿದನಂತೆ. ಇಷ್ಟನ್ನು ನನಗೆ ವಾರವಿಡೀ ಹೇಳಿದ. ಮೂವತ್ತು ದಾಟಿದ ಗಂಡಸು ಇಷ್ಟಕ್ಕೆ ಹಿಗ್ಗುವುದನ್ನು ನೋಡಿ ನನಗೆ ನಗು ಬರಲಿಲ್ಲ. ಆ ಹಳ್ಳಿಯನ್ನು ಹೊಸಬರು ಯಾರೂ ಆರಿಸಿಕೊಳ್ಳುವುದಿಲ್ಲ, ನೀನು ಇನ್ನೂ ಕೆಲವು ವರ್ಷ ಹೀಗೇ ಇರಬಹುದು ಎಂದು ಹೆಡ್ ಮಾಸ್ತರರು ಧೈರ್ಯ ಹೇಳಿದ್ದರು.

ದೀಪಾವಳಿ ಕಳೆದ ಮೇಲೆ ಹೊಸ ಶಿಕ್ಷಕರಿಗೆ ಕೌನ್ಸೆಲಿಂಗ್ ಆಯಿತು. ರಂಜಿತಾ ತನ್ನ ಊರಿನ ಶಾಲೆಯನ್ನೇ ಆರಿಸಿಕೊಂಡಳೆಂದು ಸುದ್ದಿ ಬಂತು. ಅಂದರೆ ಯಂಕೇಶನ ಹೆಸರು ಹಾಜರಿಯಿಂದ ಹೋಯಿತು. ನಾನು ಅವಳನ್ನು ಬೈಯಲು ಬಾಯಿ ತೆಗೆದೆ. ಅವನು ತಡೆದ.

“ಬೈಬ್ಯಾಡ. ಬ್ಯಾರೆ ಊರು ತಗೋಬಹುದಿತ್ತು, ತನ್ನೂರಿಗೆ ಬಂದಾಳ. ತನ್ನ ಸಾಲಿ ಹುಡುಗರಿಗೆ ಕಲಸಾಕ ಬಂದಾಳ. ನನಗ ಇದಕ್ಕಿಂತ ಇನ್ನೇನು ಬೇಕು? ನಾನು ಗಂಗಾವತಿಗೆ ಹೋಗ್ತೀನಿ. ಮಿಲ್ಲಿನ್ಯಾಗ ಕೇಳ್ತೀನಿ.”

ಅವನ ಕಣ್ಣು ತುಂಬಿತ್ತು.

ಅವಳು ಹಾಜರಾಗುವ ದಿನ ನನ್ನನ್ನೂ ಎಳೆದುಕೊಂಡು ಹೋದ. ಊರಿಗೆ ಊರೇ ಶಾಲೆಯ ಅಂಗಳದಲ್ಲಿ ನೆರೆದಿತ್ತು. ಅಡುಗೆಯವಳ ಮಗಳು ಮಾಸ್ತರತಿ ಆಗಿ ಬಂದಿದ್ದಾಳೆ, ಸಣ್ಣ ಮಾತೇ? ಹಾರ ಹಾಕಿದರು, ಶಾಲು ಹೊದಿಸಿದರು. ರಂಜಿತಾ ಎಲ್ಲರ ಎದುರು ಬಂದು ಯಂಕೇಶನ ಕಾಲು ಮುಟ್ಟಿದಳು. ಆಗ ನಾನೂ ಒಂದು ಗಳಿಗೆ ಕರಗಿಹೋದೆ, ಸುಳ್ಳೇಕೆ ಹೇಳಲಿ.

ಜನ ಚದುರಿದ ಮೇಲೆ ಮುದಕಮ್ಮ ನಮ್ಮಿಬ್ಬರನ್ನೂ ಮನೆಗೆ ಕರೆದೊಯ್ದು ಹೋಳಿಗೆ ಬಡಿಸಿದಳು. ಊಟವಾದ ಮೇಲೆ ರಂಜಿತಾ ಎದುರಿಗೆ ಬಂದು ಕುಳಿತಳು. ಅವಳಿಗೆ ಮದುವೆ ಗೊತ್ತಾಗಿತ್ತು. ಹುಡುಗ ಸಿದ್ದೇಶ, ಕೊಪ್ಪಳದ ಹತ್ತಿರದ ಫ್ಯಾಕ್ಟರಿಯಲ್ಲಿ ಎಂಜಿನಿಯರ್.

“ಸರ್, ಒಂದು ಮಾತು ಕೇಳಬೇಕಾಗಿತ್ತುರಿ. ಮದುವಿ ಆದ ಮ್ಯಾಲೆ ನಾ ಕೊಪ್ಪಳದಾಗ ಇರಬೇಕಲ್ರಿ. ದಿನಾ ಬಸ್ ಬದಲಿಸಿ, ಕ್ರಾಸಿನಿಂದ ನಡಕೊಂತ ಬರಾಕ ಆಗಂಗಿಲ್ರಿ. ನೀವು ಮೊದಲಿನಂಗ ಕಲಿಸ್ಕೊಂತ ಇರ್ರಿ. ನಾ ವಾರಕ್ಕೊಮ್ಮಿ ಬಂದು ಹೋಗ್ತೀನಿ.”

ಯಂಕೇಶನಿಗೆ ಅರ್ಥವಾಗಲಿಲ್ಲ. ಅರ್ಥವಾಗದಂತೆ ನಟಿಸಿದನೋ ಏನೋ. “ಮತ್ತ ಈ ಊರು ಯಾಕ ಆರಿಸ್ಕೊಂಡಿ ನೀನು?” ಎಂದು ಕೇಳಿದ.

“ನೀವು ಅದೀರಲ್ರಿ ಸರ್. ಕೊಪ್ಪಳ ಸಮೀಪ ಯಾವ ಸಾಲಿನೂ ಖಾಲಿ ಇರಲಿಲ್ಲ. ಗೊತ್ತಿರದ ಊರಾಗ ಬದಲಿಗೆ ಯಾರನ್ನ ಹುಡುಕಲಿ? ಇಲ್ಲಾದ್ರ ನೀವು ಅದೀರಿ, ಚಿಂತಿನ ಇಲ್ಲ ಅಂತ ಇದನ್ನ ತಗೊಂಡೆ.”

ಮುದಕಮ್ಮ ದನಿಗೂಡಿಸಿದಳು: “ಹೂಂನ್ರಿ ಸರ್. ನಿಮಗೂ ಕೆಲಸ ಹೋಗಂಗಿಲ್ಲ. ದೊಡ್ಡ ಸರ್ ಕೊಡ್ತಿದ್ದಕ್ಕಿಂತ ಹೆಚ್ಚಿಗಿನ ಕೊಡ್ತಾಳ. ನೀವ ಓದ್ಸಿದ ಹುಡುಗಿ, ನಿಮ್ಮ ಕೈ ಬಿಡ್ತಾಳೇನ್ರಿ?”

ತಾಯಿ ಮಗಳಿಬ್ಬರ ಮುಖದಲ್ಲೂ ಕಪಟ ಎಂಬುದಿರಲಿಲ್ಲ. ಉಪಕಾರ ತೀರಿಸುತ್ತಿದ್ದೇವೆ ಎಂದೇ ಅವರು ತಿಳಿದಿದ್ದರು. ನನಗೆ ಮೈ ಉರಿಯಿತು.

“ರಂಜಿತಾ, ಕಲಸಾಕ ಮನಸಿಲ್ಲಂದ್ರ ಯಾಕ ಬರದಿ ಪರೀಕ್ಷಾ?” ಎಂದೆ.

ಅವಳು ನನ್ನ ಕಡೆ ಆಶ್ಚರ್ಯದಿಂದ ನೋಡಿದಳು. “ನೌಕರಿ ಬೇಕಲ್ರಿ ಅಣ್ಣಾರ” ಎಂದಳು.

ಯಂಕೇಶ ಕೈ ತೋರಿಸಿ ನನ್ನನ್ನು ಸುಮ್ಮನಿರಿಸಿದ. ಆಮೇಲೆ ಮೆಲ್ಲಗೆ ಕೇಳಿದ: “ಸಾಹೇಬ್ರು ಬಂದ ದಿನ ಹ್ಯಾಂಗವ್ವ?”

ಅವಳು ಇದನ್ನೂ ಯೋಚಿಸಿಟ್ಟಿದ್ದಳು. “ಸುದ್ದಿ ಗೊತ್ತಾದ ಕೂಡ್ಲೆ ನಾ ಬಂದ್ಬಿಡ್ತೀನಿ ಸರ್. ಅಷ್ಟೊತ್ತು ನೀವು ನಮ್ಮನ್ಯಾಗ ಕುಂದರ್ರಿ. ಅಡಗಿ ಕ್ವಾಣ್ಯಾಗ ಬ್ಯಾಡ್ರಿ, ಅಲ್ಲಿ ಹೊಗಿ ಇರತೈತಿ. ನಿಮಗ ಕೆಮ್ಮು ಬರತಿತ್ತು, ನಂಗ ನೆನಪೈತಿ.”

ಯಂಕೇಶ ತಲೆಯಾಡಿಸಿದ. ಹೂಂ ಎಂದನೋ ಉಹೂಂ ಎಂದನೋ ನನಗೆ ತಿಳಿಯಲಿಲ್ಲ. ಅವಳಿಗೆ ತಿಳಿಯಿತು. ನಗುತ್ತ ಎದ್ದು ಎಲೆ ಅಡಿಕೆ ತರಲು ಹೋದಳು.

ಕ್ರಾಸಿನವರೆಗೆ ಇಬ್ಬರೂ ನಡೆದೆವು. ಬಸ್ಸು ತಡವಾಗಿತ್ತು. ಬೇವಿನ ಮರದ ಕೆಳಗೆ ನಿಂತು ನಾನು ಬಾಯಿಗೆ ಬಂದಂತೆ ಬೈದೆ. ಅವಳನ್ನು, ಅವಳ ತಾಯಿಯನ್ನು, ವಿರೂಪಾಕ್ಷಪ್ಪನವರನ್ನು, ಕೊನೆಗೆ ಅವನನ್ನು. ಮಿಲ್ಲಿಗೆ ಹೋಗು, ಮೂಟೆ ಹೊರು, ಆ ಕೂಲಿಯಾದರೂ ನಿನ್ನ ಹೆಸರಿಗೇ ಬರುತ್ತದೆ ಎಂದೆ. ಅವನು ಎಲ್ಲ ಕೇಳಿಸಿಕೊಂಡ.

“ನಾ ಒಲ್ಲೆ ಅಂದ್ರ ಮತ್ತೊಬ್ಬ ಎಂ.ಎ. ಆದಂವ ಬರ್ತಾನ. ನಿನ್ನ ಅಂಗಡಿ ಮುಂದ ಎಷ್ಟು ಮಂದಿ ಕುಂತಿರ್ತಾರ, ನಿನಗ ಗೊತ್ತಿಲ್ಲೇನು?” ಎಂದ. ಮತ್ತೆ ಹೇಳಿದ: “ಆಕಿಗೆ ಒಂಚೂರೂ ನಾಚಿಕಿ ಆಗಲಿಲ್ಲ, ನೋಡಿದೇನು? ಹ್ಯಾಂಗ ಆಗಬೇಕೋ? ಆಕಿ ಸಣ್ಣಾಕಿ ಇದ್ದಾಗಿಂದ ನೋಡಿದ್ದು ಅದನ್ನ. ನೌಕರಿ ಇದ್ದಂವ ಸಾಲಿಗೆ ಬರಂಗಿಲ್ಲ, ಬರಾಂವಗ ನೌಕರಿ ಇರಂಗಿಲ್ಲ. ಲೆಕ್ಕ ನಾ ಪಾಠ ಮಾಡಿ ಕಲಿಸಿದೆ. ಇದನ್ನ ದಿನಾ ಎದುರಿಗೆ ನಿಂತು ಕಲಿಸಿದೆ.”

ಬಸ್ಸು ಬಂತು, ಹತ್ತಿದೆವು.

ಸೋಮವಾರ ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತುತ್ತಿದ್ದಾಗ ಆ ಹಳ್ಳಿಯ ಕಡೆ ಹೋಗುವ ಬಸ್ಸು ನಿಲ್ದಾಣದಿಂದ ಹೊರಬಿತ್ತು. ಕಿಟಕಿಯ ಪಕ್ಕ ಯಂಕೇಶ ಕುಳಿತಿದ್ದ, ತೊಡೆಯ ಮೇಲೆ ಊಟದ ಡಬ್ಬಿ. ನನ್ನನ್ನು ನೋಡಿ ಕೈ ಎತ್ತಿದ. ನಾನು ಎತ್ತಲಿಲ್ಲ.